ಹನ್ನೆರಡನೇ ಕಲಂ

2024ರ ಮೇ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂತು. ಖಾತೆಗೆ 11,700 ರೂಪಾಯಿ ಚಿಲ್ಲರೆ ಜಮೆಯಾಗಿತ್ತು. ಕೆಲವು ತಿಂಗಳ ಹಿಂದೆಯೂ ಹೀಗೇ 2,000 ಬಂದದ್ದು ಆಗ ನೆನಪಾಯಿತು. ಊರಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದೆ. "ಬರ ಪರಿಹಾರ ಕಣೋ, ಹೊಲ ನಿನ್ ಹೆಸರಿಗೈತಲ್ಲ" ಅಂದ. ಅವನ ಮಾತಿನಲ್ಲಿ ಯಾವ ಅಚ್ಚರಿಯೂ ಇರಲಿಲ್ಲ.

ನಮ್ಮದು ಚಳ್ಳಕೆರೆ ಸೀಮೆಯ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಪಾಲಾದಾಗ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲ ನನ್ನ ಹೆಸರಿಗೆ ಬಂತು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಆ ಹೊಲದಲ್ಲಿ ನಾನು ಒಂದು ದಿನವೂ ಕುಂಟೆ ಹಿಡಿದವನಲ್ಲ. ಎಂಟು ವರ್ಷದಿಂದ ಅದನ್ನು ಮಾಡುತ್ತಿರುವವರು ಊರಿನ ಒಬ್ಬ ಹಿರಿಯರು. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ, ಆದರೆ ಚಿಕ್ಕಂದಿನಿಂದ ನಾನು ಅವರನ್ನು ಮಾವ ಎಂದೇ ಕರೆಯುವುದು. ವರ್ಷಕ್ಕೆ 12,000 ರೂಪಾಯಿ ಗುತ್ತಿಗೆ. ಅದನ್ನು ಬಿತ್ತನೆಗೆ ಮೊದಲೇ ಅಣ್ಣನ ಕೈಗೆ ಕೊಡಬೇಕು. ಎಲ್ಲವೂ ಬಾಯಿಮಾತಿನದು.

2023ರಲ್ಲಿ ಮಾವ ಶೇಂಗಾ ಹಾಕಿದ್ದರು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಮಳೆಯ ಲೆಕ್ಕ ಇಡಲು ಶುರುಮಾಡಿದ ಮೇಲೆ ಕಂಡ ಅತ್ಯಂತ ಒಣ ಆಗಸ್ಟ್. ಶೇಂಗಾ ಹೂಬಿಟ್ಟು ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೇ ಮಳೆ ಕೈಕೊಟ್ಟಿತು. ಮೇಲೆ ನೋಡಿದರೆ ಗಿಡ ಹಸಿರು, ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇಲ್ಲ. 'ಹಸಿರು ಬರ' ಎಂಬ ಮಾತು ಆ ವರ್ಷ ವಿಧಾನಸೌಧದಿಂದ ಊರ ಕಟ್ಟೆಯವರೆಗೂ ಓಡಾಡಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು, ನಮ್ಮದೂ ಅದರಲ್ಲೊಂದು. ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಬಂದ ಹುಡುಗನನ್ನು ಹೊಲಕ್ಕೆ ಕರೆದೊಯ್ದು ಬದು ತೋರಿಸಿ, ಗಿಡ ಕಿತ್ತು ತೋರಿಸಿದವರು ಮಾವನೇ. ದುಡ್ಡು ಬಂದದ್ದು ನನಗೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಒಬ್ಬ ರೈತನಿಗೆ ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ನಾಲ್ಕು ಎಕರೆ ಎಂದರೆ ಒಂದೂ ಮುಕ್ಕಾಲು ಹೆಕ್ಟೇರಿಗಿಂತ ತುಸು ಕಡಿಮೆ. ಎರಡೂ ಕಂತು ಸೇರಿ ನನಗೆ ಬಂದದ್ದು 13,700 ಚಿಲ್ಲರೆ. ಅದಕ್ಕೆ ಮೊದಲೇ ಕೈಸೇರಿದ್ದ ಗುತ್ತಿಗೆ 12,000. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಆ ಹೊಲದಿಂದ ನನಗೆ ಸಿಗುತ್ತಿದ್ದದ್ದು 12,000 ಮಾತ್ರ. ಬರ ಬಂದ ವರ್ಷ 25,700. ಬರ ನನ್ನ ಆದಾಯವನ್ನು ಎರಡರಷ್ಟು ಮಾಡಿತ್ತು. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆದವರ ಕೂಲಿ ಎಲ್ಲವನ್ನೂ ಮಣ್ಣಿಗೆ ಸುರಿದವರಿಗೆ ಬಂದದ್ದು ಸೊನ್ನೆ.

ಇದರಲ್ಲಿ ಯಾರಾದರೂ ಸುಳ್ಳು ಹೇಳಿದ್ದರೆ ನನಗೆ ಯೋಚನೆ ಸುಲಭವಾಗುತ್ತಿತ್ತು. ಯಾರೂ ಹೇಳಿರಲಿಲ್ಲ. ಸಮೀಕ್ಷೆ ಮಾಡಿದ ಹುಡುಗ ಇದ್ದದ್ದನ್ನೇ ದಾಖಲಿಸಿದ. ಗ್ರಾಮ ಲೆಕ್ಕಿಗರು ಯಾರಿಂದಲೂ ಒಂದು ಪೈಸೆ ಕೇಳಲಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರನ್ನೂ ಹೆಣೆದ ಫ್ರೂಟ್ಸ್ ಎಂಬ ತಂತ್ರಾಂಶದ ಲೆಕ್ಕದಂತೆ ಹಣ ನೇರವಾಗಿ ಬಂತು. ಹಿಂದೆ ಪರಿಹಾರದ ಚೆಕ್ಕಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿ, ಮಧ್ಯದವರಿಗೆ ಕೈಬಿಸಿ ಮಾಡಿ, ಅರ್ಧ ಹಣ ತಂದವರ ಕಥೆಗಳನ್ನು ಅಪ್ಪನಿಂದ ಕೇಳಿದ್ದೇನೆ. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆಯೇ. ಎಲ್ಲರೂ ಪ್ರಾಮಾಣಿಕರಾಗಿ, ಯಂತ್ರವೂ ಸರಿಯಾಗಿ ಕೆಲಸ ಮಾಡಿ, ಕೊನೆಗೆ ಹಣ ತಪ್ಪು ಮನೆಗೆ ಸೇರಿತು ಎಂದರೆ ಆ ತಪ್ಪು ಯಾರದು? ನನ್ನನ್ನು ಕಾಡಿದ ಪ್ರಶ್ನೆ ಇದು.

ಕನ್ನಡದಲ್ಲಿ ಪರಿಹಾರ ಎಂಬ ಮಾತಿಗೆ ಹಲವು ಅರ್ಥ. ಸಮಸ್ಯೆಗೂ ಪರಿಹಾರ ಇದೆ, ಪಾಪಕ್ಕೂ ಇದೆ, ನಷ್ಟಕ್ಕೂ ಇದೆ. ಸರ್ಕಾರದ ಇಂಗ್ಲಿಷ್ ಹೀಗೆ ಉದಾರವಲ್ಲ. ಅದರಲ್ಲಿ 'ರಿಲೀಫ್' ಬೇರೆ, 'ಕಾಂಪೆನ್ಸೇಷನ್' ಬೇರೆ. ವಿಪತ್ತು ನಿಧಿಯಿಂದ ಕೊಡುವುದು ಆ ಹೊತ್ತಿನ ನೆರವು ಮಾತ್ರ, ಆದ ನಷ್ಟವನ್ನು ತುಂಬಿಕೊಡುವ ಬಾಧ್ಯತೆಯಲ್ಲ ಎಂದು ಕೇಂದ್ರ ಸರ್ಕಾರ ಮತ್ತೆ ಮತ್ತೆ ಹೇಳುತ್ತ ಬಂದಿದೆ. ಬೆಳೆ ಹಾನಿಗೆ ಕೊಡುವ ಈ ಮೊತ್ತಕ್ಕೆ ಕಡತದಲ್ಲಿರುವ ಹೆಸರು 'ಇನ್‌ಪುಟ್ ಸಬ್ಸಿಡಿ', ಅಂದರೆ ಬೀಜ ಗೊಬ್ಬರಕ್ಕೆಂದು ಕೊಡುವ ಸಹಾಯಧನ. ಅದೇ ವರ್ಷ ರಾಜ್ಯ ಸರ್ಕಾರ 18,000 ಕೋಟಿಗೂ ಹೆಚ್ಚು ಕೇಳಿ, ಬಾರದಿದ್ದಾಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ, ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಪಡೆದಾಗಲೂ ಒಳಗಿದ್ದ ಜಗಳ ಇದೇ. ಕೇಳುವವರಿಗೆ ಅದು ಹಕ್ಕು, ಕೊಡುವವರಿಗೆ ನೆರವು.

ಇದು ಹಕ್ಕಾದರೂ ನೆರವಾದರೂ ನನ್ನ ಖಾತೆಯ ಹಣಕ್ಕೆ ಮಾತ್ರ ಎರಡೂ ಹೊಂದುವುದಿಲ್ಲ. ನಷ್ಟ ತುಂಬಿಕೊಡುವ ಹಣವಾದರೆ ನನಗೆ ನಷ್ಟವೇ ಆಗಿಲ್ಲ, ಗುತ್ತಿಗೆ ಮೊದಲೇ ಬಂದಿದೆ. ಮುಂದಿನ ಬಿತ್ತನೆಗೆ ಕೊಟ್ಟ ನೆರವಾದರೆ ಬಿತ್ತುವವನು ನಾನಲ್ಲ. ಯಾವ ಅರ್ಥ ಹಿಡಿದರೂ ಈ ಹಣದ ದಾರಿ ಒಂದೇ ಮನೆಗೆ ಹೋಗುತ್ತದೆ, ಆ ಮನೆ ನನ್ನದಲ್ಲ. ಹಿಂದೆ ಒಂದೇ ಹೆಸರಿನ ಇಬ್ಬರು ಊರಿನಲ್ಲಿದ್ದರೆ ಒಬ್ಬರ ಮನಿಯಾರ್ಡರನ್ನು ಪೋಸ್ಟಿನವನು ಇನ್ನೊಬ್ಬರಿಗೆ ಕೊಟ್ಟುಹೋಗುವುದು ನಡೆಯುತ್ತಿತ್ತು. ತಪ್ಪು ಪೋಸ್ಟಿನವನದೇ. ಆದರೆ ಗೊತ್ತಾದ ಮೇಲೂ ಇಟ್ಟುಕೊಂಡರೆ ಅಲ್ಲಿಂದ ಮುಂದಿನ ತಪ್ಪು ಇಟ್ಟುಕೊಂಡವನದು. ಹಾಗೆಯೇ ಅದನ್ನು ಒಯ್ದು ಕೊಟ್ಟವನನ್ನು ಯಾರೂ ದಾನಿ ಎನ್ನುವುದಿಲ್ಲ. ಅವರದನ್ನು ಅವರಿಗೆ ಕೊಟ್ಟ, ಅಷ್ಟೇ.

ಇದನ್ನು ಅಣ್ಣನಿಗೆ ಹೇಳಿದೆ. ಅವನು ಕೆಟ್ಟವನಲ್ಲ. ಅವನ ವಾದದಲ್ಲಿ ಹುರುಳಿಲ್ಲ ಎಂದು ಹೇಳಲೂ ಆಗುವುದಿಲ್ಲ. "ಗುತ್ತಿಗೆ ಅಂದ್ಮೇಲೆ ಲಾಭನೂ ಅವರ್ದೇ, ನಷ್ಟನೂ ಅವರ್ದೇ. ಶೇಂಗಾ ರೇಟು ಏರಿದ ವರ್ಷ ನಮಗೇನು ಜಾಸ್ತಿ ಕೊಟ್ರಾ?" ಎಂದ. ಊರಿನಲ್ಲಿ ಹೊಲ ಗುತ್ತಿಗೆಗೆ ಕೊಟ್ಟ ಎಲ್ಲರೂ ನನ್ನಂತೆ ಸಂಬಳದವರಲ್ಲ, ಗಂಡ ಸತ್ತು ಒಂದೂವರೆ ಎಕರೆಯನ್ನು ಗುತ್ತಿಗೆಗೆ ಕೊಟ್ಟು ಅದರಲ್ಲೇ ಬದುಕುವ ಮುದುಕಿಯೂ ಇದ್ದಾಳೆ, ಅವಳಿಗೆ ಬಂದ ಐದು ಸಾವಿರವನ್ನೂ ಕಿತ್ತುಕೊಡು ಎನ್ನುತ್ತೀಯಾ ಎಂದೂ ಕೇಳಿದ. ನನ್ನ ಬಳಿ ಚುರುಕಾದ ಉತ್ತರ ಇರಲಿಲ್ಲ. ಕೊಡುವುದಾದರೆ ಕೊಡು ಎಂದು ಕೊನೆಗೆ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. "ಫೋನ್‌ಪೇ ಗೀನ್‌ಪೇ ಮಾಡಬ್ಯಾಡ. ಕ್ಯಾಶ್ ಕೊಡು. ಬರ ಪರಿಹಾರದ ದುಡ್ಡು ಅವರ ಖಾತೆಗೆ ಹಾಕಿದ್ರೆ, ಹೊಲ ಮಾಡೋರು ಅವರೇ ಅಂತ ನಾವೇ ಬರ್ಕೊಟ್ಟಂಗೆ."

ಈ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಆ ನಾಲ್ಕು ಎಕರೆ ನಮಗೆ ಬಂದದ್ದೇ ಹಾಗೆ.

ತಾತ ಆ ಹೊಲದ ಗೇಣಿದಾರ. ಒಡೆಯರು ಬೇರೆ ಊರಿನಲ್ಲಿದ್ದರು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿದವು, ಉಳುತ್ತಿದ್ದವರು ಏಳನೇ ನಮೂನೆಯ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಸಾಧಿಸಬೇಕಿತ್ತು. ತಾತನಿಗೆ ಓದು ಬರುತ್ತಿರಲಿಲ್ಲ. ಆದರೆ ಪಹಣಿಯ ಸಾಗುವಳಿದಾರರ ಕಲಂನಲ್ಲಿ ಅವನ ಹೆಸರಿತ್ತು. ಆ ಒಂದು ಸಾಲು ನಮ್ಮ ಮನೆಯನ್ನು ಎತ್ತಿ ನಿಲ್ಲಿಸಿತು. ಅಪ್ಪ ಓದಿದ್ದು, ನಾನು ಬೆಂಗಳೂರು ಸೇರಿದ್ದು, ಎಲ್ಲದರ ಬುಡದಲ್ಲಿ ಆ ಸಾಲು ಇದೆ. ಹೆಸರು ಬರೆಸದೆ ಬಿಟ್ಟ ಎಷ್ಟೋ ಜನ, ಒಡೆಯರ ಮಾತಿಗೆ ಮರುಳಾಗಿ ಹೊಲ ಬಿಟ್ಟುಕೊಟ್ಟ ಎಷ್ಟೋ ಜನ ಕೂಲಿಗಳಾಗಿಯೇ ಉಳಿದರು.

ಆ ಕಲಂ ಪಹಣಿಯಲ್ಲಿ ಇಂದಿಗೂ ಇದೆ. ಒಂಬತ್ತನೇ ಕಲಂನಲ್ಲಿ ಒಡೆಯರ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆ. ನಮ್ಮ ಪಹಣಿ ತೆಗೆದು ನೋಡಿದರೆ ಎರಡರಲ್ಲೂ ನಾನೇ. ಊರಿನ ಮುಕ್ಕಾಲು ಪಹಣಿಗಳು ಹೀಗೇ ಇದ್ದಾವು. ಆ ಕಾಯ್ದೆ ಗೇಣಿಯನ್ನು ನಿಷೇಧಿಸಿತು, ಕೆಲವೇ ವಿನಾಯಿತಿ ಬಿಟ್ಟರೆ ಇಂದಿಗೂ ನಿಷಿದ್ಧವೇ. ಗೇಣಿ ನಿಲ್ಲಲಿಲ್ಲ, ಅದು ಕಾಗದದಿಂದ ಇಳಿದು ಬಾಯಿಮಾತಿಗೆ ಹೋಯಿತು. ಉಳುವವನನ್ನು ಒಡೆಯನನ್ನಾಗಿ ಮಾಡಲು ಹೊರಟ ಕಾನೂನು, ಒಡೆಯನಾದವನ ಮೊಮ್ಮಕ್ಕಳ ಹೊಲ ಉಳುವವನನ್ನು ಕಾಣದಂತೆ ಮಾಡಿತು. ಆ ಕಾನೂನನ್ನು ದೂಷಿಸುವ ಬಾಯಿ ನನಗಿಲ್ಲ, ಅದರ ಅನ್ನ ಉಂಡವನು ನಾನು. ತಾತ ಹತ್ತಿದ ಏಣಿಯನ್ನು ಮೇಲೆಳೆದುಕೊಂಡು ಕೂತಿದ್ದೇವೆ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಬರದಲ್ಲಿ ಕೊಡುವ ನೆರವಿಗೆ ಯಾವಾಗಲೂ ಒಂದು ಪರೀಕ್ಷೆ ಇದ್ದೇ ಇತ್ತು. 1876ರಿಂದ 78ರವರೆಗಿನ ಬರವನ್ನು ನಮ್ಮ ಕಡೆ ಧಾತು ಈಶ್ವರ ಬರ ಎನ್ನುತ್ತಾರೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪರಿಹಾರ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೇಜಿಗೂ ಕಡಿಮೆ ಧಾನ್ಯ, ಜೊತೆಗೆ ಚೂರು ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಹೆಚ್ಚು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಅರ್ಹರಲ್ಲದವರು ನುಗ್ಗುತ್ತಾರೆ ಎಂಬ ಭಯ ಅಂದಿನ ಆಡಳಿತವನ್ನು ಆಳುತ್ತಿತ್ತು. ಇಂದಿನ ಸರ್ಕಾರವನ್ನು ಅಂದಿನದರ ಪಕ್ಕ ನಿಲ್ಲಿಸುವುದು ಅನ್ಯಾಯ. ಆದರೆ ನೆರವು ಕೊಡುವ ಪ್ರತಿಯೊಂದು ವ್ಯವಸ್ಥೆಯೂ ಎರಡು ತಪ್ಪುಗಳ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. ಸಲ್ಲದವರಿಗೆ ಹೋಗುವುದು ಒಂದು ತಪ್ಪು, ಸಲ್ಲಬೇಕಾದವರಿಗೆ ಹೋಗದಿರುವುದು ಇನ್ನೊಂದು. ನಾವು ಮೊದಲನೆಯದಕ್ಕೆ ಮಾತ್ರ ಹೆದರುತ್ತ ಬಂದಿದ್ದೇವೆ. ಅದಕ್ಕೇ ಪಹಣಿ, ಅದಕ್ಕೇ ಆಧಾರ್, ಅದಕ್ಕೇ ಶೇಕಡ 33ರ ಗೆರೆ. 2015ಕ್ಕೆ ಮೊದಲು ಅದು ಶೇಕಡ 50 ಇತ್ತು. ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಬೆಳೆ ಹಾಳಾದ ರೈತ, ಇನ್ನಷ್ಟು ಒಣಗಿದ್ದರೆ ಚೆನ್ನಾಗಿತ್ತು ಎಂದು ತನ್ನದೇ ಹೊಲದ ಬದುವಿನಲ್ಲಿ ನಿಂತು ಅಂದುಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಕಾವಲು ಇಟ್ಟ ಮೇಲೂ ಸಲ್ಲದವನಿಗೇ ಹಣ ಬಂತು, ನನಗೆ. ಕಾವಲು ಕಾದದ್ದು ಕಾಗದವನ್ನು, ಹೊಲವನ್ನಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ ಊರಿಗೆ ಹೋದೆ. ಮಾವನ ಮನೆ ಜಗಲಿಯ ಮೇಲೆ ಕೂತು, ಟೀ ಕುಡಿದು, 13,700 ರೂಪಾಯಿಯನ್ನು ಅವರ ಮುಂದಿಟ್ಟೆ. ಅಣ್ಣನೂ ಜೊತೆಗಿದ್ದ. ಮಾವ ಹಣ ಮುಟ್ಟಲಿಲ್ಲ.

"ಇದು ನೀನ್ ಕೊಡಾದಾ ಅಳಿಯ, ಸರ್ಕಾರ ಕೊಡಾದಾ?"

"ಸರ್ಕಾರದ್ದು ಮಾವ. ನಿಮಗೆ ಬರಬೇಕಾದ್ದು, ನನಗೆ ಬಂದಿದೆ."

"ನನಗೆ ಬರ್ಬೇಕಾದ್ದು ಅಂತ ಸರ್ಕಾರಕ್ಕೆ ಗೊತ್ತಾ?"

ನಾನು ಸುಮ್ಮನಾದೆ. ಅವರ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎಂಬಂತೆ ಕೇಳಿದ್ದರು. ಆಮೇಲೆ ಹಣ ಎತ್ತಿಕೊಂಡು, ನಿಧಾನವಾಗಿ ಎಣಿಸಿ, 12,000 ಬೇರೆ ಮಾಡಿ ಅಣ್ಣನ ಕಡೆ ಚಾಚಿದರು. "ಈ ವರ್ಷದ ಗುತ್ತಿಗೆ ಆತಪ್ಪ. ಮಳೆ ಬಿದ್ದೈತೆ, ಬಿತ್ಬೇಕು. ಎಲ್ಲಿಂದ ಹೊಂದಿಸಾದು ಅಂತ ಕುಂತಿದ್ದೆ."

ಅಣ್ಣ ಇಸಿದುಕೊಂಡ. ಇಸಿದುಕೊಳ್ಳದೆ ಇನ್ನೇನು ಮಾಡಬೇಕಿತ್ತು ಎಂದು ಆ ಕ್ಷಣ ನನಗೂ ಹೊಳೆಯಲಿಲ್ಲ. ಮಾವನ ಕೈಯಲ್ಲಿ 1,700 ಉಳಿಯಿತು. ಸರ್ಕಾರದಿಂದ ನನಗೆ, ನನ್ನಿಂದ ಅವರಿಗೆ, ಅವರಿಂದ ಮತ್ತೆ ನಮ್ಮ ಮನೆಗೆ. ಹಣ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿತ್ತು. ನಾನು ಏನೋ ದೊಡ್ಡ ಋಣ ತೀರಿಸಿದೆನೆಂದು ಬಸ್ಸು ಹತ್ತಿ ಬಂದವನು, ಹತ್ತು ನಿಮಿಷದಲ್ಲಿ ಅದೇ ಒಡೆಯನಾಗಿ ಕೂತಿದ್ದೆ.

ಆ ಸಂಜೆ ನನಗೆ ತಿಳಿದದ್ದು ಇಷ್ಟು. ಪರಿಹಾರವನ್ನು ದಾಟಿಸುವುದು ಅಗತ್ಯ, ಆದರೆ ಅದು ಸಾಲದು. ತಪ್ಪು ಬರದ ವರ್ಷದಲ್ಲಿ ಹುಟ್ಟಿದ್ದಲ್ಲ, ಗುತ್ತಿಗೆಯಲ್ಲೇ ಇದೆ. ಹಿಂದೆ ನಮ್ಮ ಕಡೆ ಹೆಚ್ಚಾಗಿ ಇದ್ದದ್ದು ಕೋರು. ಬೆಳೆದದ್ದರಲ್ಲಿ ಒಡೆಯನಿಗೆ ಪಾಲು, ಮಾಡಿದವನಿಗೆ ಪಾಲು. ಅದೇನೂ ಧರ್ಮದ ಪದ್ಧತಿಯಲ್ಲ, ಅದರ ಒಳಗಿನ ದೌರ್ಜನ್ಯವನ್ನು ತಾತನೇ ಹೇಳುತ್ತಿದ್ದ. ಆದರೆ ಒಂದು ಗುಣ ಅದಕ್ಕಿತ್ತು: ಬೆಳೆ ಹೋದರೆ ಇಬ್ಬರಿಗೂ ಹೋಗುತ್ತಿತ್ತು. ಒಡೆಯನೂ ಮುಗಿಲು ನೋಡುತ್ತಿದ್ದ. ಮುಂಗಡ ನಗದು ಗುತ್ತಿಗೆ ಬಂದ ಮೇಲೆ ಒಡೆಯ ಮುಗಿಲು ನೋಡುವ ಅಗತ್ಯವೇ ಇಲ್ಲ. ಮಳೆಯ ಜೂಜನ್ನು ಪೂರ್ತಿ ಇನ್ನೊಬ್ಬರ ತಲೆಗೆ ಕಟ್ಟಿ, ಆ ಜೂಜಿನಲ್ಲಿ ಸೋತವರಿಗೆಂದು ಇಟ್ಟ ಹಣವನ್ನೂ ನಾವೇ ಪಡೆಯುತ್ತಿದ್ದೇವೆ.

ಮಾವನಲ್ಲಿಗೆ ಈ ಸಾಲು ಮುಗಿಯುವುದೂ ಇಲ್ಲ. ಬರ ಎಂದರೆ ಊರಿನಲ್ಲಿ ಕಾಳು ಇಲ್ಲದಿರುವುದು ಮಾತ್ರವಲ್ಲ, ಕಾಳು ಕೊಳ್ಳುವ ಶಕ್ತಿ ಕೆಲವರ ಕೈತಪ್ಪುವುದು ಎಂದು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಆ ವರ್ಷ ಮಾವ ಶೇಂಗಾ ಕೀಳಿಸಲಿಲ್ಲ, ಕೀಳಲು ಕಾಯಿಯೇ ಇರಲಿಲ್ಲ. ಪ್ರತಿ ವರ್ಷ ಕೀಳಲು, ಬಿಡಿಸಲು ಬರುತ್ತಿದ್ದ ಹೆಂಗಸರಿಗೆ ಅಷ್ಟು ದಿನದ ಕೂಲಿ ಹೋಯಿತು. ಹೆಕ್ಟೇರಿನ ಲೆಕ್ಕದಲ್ಲಿ ಕೊಡುವ ಪರಿಹಾರದಲ್ಲಿ ಅವರಿಗೆ ಒಂದು ಕಲಂ ಕೂಡ ಇಲ್ಲ. ಉದ್ಯೋಗ ಖಾತ್ರಿಯ ಕೆಲಸ ಸಿಕ್ಕಿದರೆ ಉಂಟು. ನೆಲವನ್ನು ಅಳೆದು ನೆರವು ಕೊಟ್ಟರೆ ನೆಲವಿಲ್ಲದವರ ನಷ್ಟ ನಷ್ಟವೇ ಅಲ್ಲ ಎಂದಾಗುತ್ತದೆ.

ಇದಕ್ಕೆ ಕಾನೂನಿನ ದಾರಿ ಇಲ್ಲವೆಂದಲ್ಲ. ನಮ್ಮ ಹೊಲದಿಂದ ಆಂಧ್ರದ ಗಡಿ ದೂರವಿಲ್ಲ. ಅಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆಯೊಂದು ಬಂತು. ಗೇಣಿಗೆ ಮಾಡುವವರಿಗೆ ಹನ್ನೊಂದು ತಿಂಗಳ ಒಂದು ಪತ್ರ. ಅದರಿಂದ ಬೆಳೆ ಸಾಲ, ವಿಮೆ, ಪರಿಹಾರಗಳಿಗೆ ಅವರು ಅರ್ಹರಾಗುತ್ತಾರೆ, ಭೂಮಿಯ ಹಕ್ಕು ಮಾತ್ರ ಒಡೆಯನಲ್ಲೇ ಉಳಿಯುತ್ತದೆ. ಅಣ್ಣನ ಭಯಕ್ಕೂ ಮಾವನ ಹಕ್ಕಿಗೂ ಒಟ್ಟಿಗೆ ಜಾಗ ಮಾಡಿಕೊಟ್ಟ ಉಪಾಯವದು. ತೊಡಕು ಒಂದೇ, ಆ ಪತ್ರಕ್ಕೆ ಒಡೆಯನ ಸಹಿ ಬೇಕು. ಅಲ್ಲಿಯೂ ಕೊನೆಗೆ ಎಲ್ಲ ಬಂದು ನಿಲ್ಲುವುದು ನನ್ನಂಥವನ ಕೈಯಲ್ಲಿರುವ ಪೆನ್ನಿನ ಬಳಿ. ಕಾನೂನು ಸರಿಯಾಗಲಿ ಆಮೇಲೆ ನೋಡೋಣ ಎಂದು ನಾವು ಹೇಳುತ್ತೇವೆ. ಸಹಿ ಹಾಕುವವರೇ ಇಲ್ಲ ಎಂದು ಕಾನೂನು ಹೇಳುತ್ತದೆ.

ಮರುದಿನ ಅಣ್ಣನ ಜೊತೆ ತುಂಬ ಹೊತ್ತು ಮಾತಾಡಿದೆ. ಆ 12,000ವನ್ನು ವಾಪಸು ಕೊಡೋಣ ಎಂದೆ. ಅವನು ಒಮ್ಮೆಗೆ ಒಪ್ಪಲಿಲ್ಲ, ಸಂಜೆಗೆ ತಾನೇ ಹೋಗಿ ಕೊಟ್ಟುಬಂದ. ಇನ್ನು ಮುಂದೆ ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ವರ್ಷ ಗುತ್ತಿಗೆ ಇಲ್ಲ, ಪರಿಹಾರ ಬಂದರೆ ಅದು ಮಾವನದು ಎಂದು ಮೂವರೂ ಕೂತು ಮಾತಾಡಿಕೊಂಡೆವು. ನನಗೆ ತುಸು ಹಗುರವೆನಿಸಿತು.

ಹೊರಡುವಾಗ ಮಾವ ಬಸ್ ಸ್ಟ್ಯಾಂಡಿನವರೆಗೂ ಬಂದರು. ಅದೂ ಇದೂ ಮಾತಾಡಿ, ಬಸ್ಸು ಕಾಣಿಸಿದ ಮೇಲೆ, "ಇದನ್ನ ಎಲ್ಲಾರ ಬರ್ದಿಡ್ತೀಯಾ ಅಳಿಯ? ನಾಳೆ ನಾನಿಲ್ದಿದ್ರೆ ನನ್ ಮಗ ಕೇಳ್ತಾನೆ" ಎಂದರು.

ನೋಡೋಣ ಮಾವ ಎಂದು ಬಸ್ಸು ಹತ್ತಿದೆ. ತಾತ ಇದೇ ಮಾತನ್ನು ಎಂದಾದರೂ ತನ್ನ ಒಡೆಯರಿಗೆ ಕೇಳಿದ್ದನೋ ಏನೋ, ಅವರೂ ಹೀಗೇ ನೋಡೋಣ ಎಂದಿದ್ದರೋ ಏನೋ. ಹನ್ನೆರಡನೇ ಕಲಂನಲ್ಲಿ ಇಂದಿಗೂ ನನ್ನ ಹೆಸರೇ ಇದೆ.